ಅಮ್ಮನ ಸಾರಿನ ರುಚಿ ಬರ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ: ಅಮ್ಮ ಹೋಗಿ ಎಂಟು ತಿಂಗಳಾಯಿತು. ಅವಳಿದ್ದಾಗ ನಾನು ಒಲೆ ಹಚ್ಚಿದವನೇ ಅಲ್ಲ. ಅವಳ ಈರುಳ್ಳಿ ಸಾರಿನ ಚೀಟಿಯಲ್ಲಿ ‘ಉಪ್ಪು ಸ್ವಲ್ಪ, ಈರುಳ್ಳಿ ಕೆಂಪಗೆ’ ಅಂತಷ್ಟೇ ಇದೆ. ಸ್ವಲ್ಪ ಅಂದರೆ ಎಷ್ಟಮ್ಮಾ! ಐದು ಸಲ ಮಾಡಿದೆ, ಸಪ್ಪೆ.

ಉತ್ತರ 1: ಎಷ್ಟು ಹೊತ್ತು ಹುರಿದಿರಿ? 10 ನಿಮಿಷಕ್ಕೆ ಈರುಳ್ಳಿ ಸುಮ್ನೆ ಮೆತ್ತಗಾಗುತ್ತದೆ. ನೀರು ಆರಿದ ಮೇಲೇ ಕೆಂಪಾಗುವುದು. ಸಣ್ಣ ಉರಿಯಲ್ಲಿ 40 ನಿಮಿಷವಾದರೂ ಬೇಕು. ಅವಸರಕ್ಕೆ ಉರಿ ಜಾಸ್ತಿ ಮಾಡಿದರೆ ಸೀದು ಕಹಿಯಾಗುತ್ತದೆ.

ಉತ್ತರ 2: ಉಪ್ಪನ್ನು ತೂಗಿ ಬರೆದಿಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಪ್ರಶ್ನೆ ಕೇಳಿದವರು: 40 ನಿಮಿಷ ಹುರಿದೆ. ವಾಸನೆಗೆ ಅಪ್ಪ ಅಡುಗೆಮನೆಗೇ ಬಂದರು. ಎರಡು ಸಲ ಬಡಿಸಿಕೊಂಡು, ‘ಉಪ್ಪು ಜಾಸ್ತಿ’ ಅಂದರು.