ಮಾರುತಿ 800 ಸೆಲ್ಫ್ ಮೋಟರ್: ಒಂದು ಬೋಲ್ಟ್ ಬಂತು, ಇನ್ನೊಂದು ಅಲ್ಲಾಡುತ್ತಿಲ್ಲ

ಕಬ್ಬಿನಗದ್ದೆ800 (ಕೆರಗೋಡು ಹೋಬಳಿ, ಮಂಡ್ಯ)

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಬೋಲ್ಟ್ ಮುಂದೆ ಕೂತಿದ್ದೇನೆ. ಗೊತ್ತಿರುವವರು ದಯವಿಟ್ಟು ದಾರಿ ಹೇಳಿ.

ಗಾಡಿ 2003ರ ಮಾರುತಿ 800. ಕಬ್ಬಿನ ದುಡ್ಡು ಕೈಗೆ ಬಂದ ವರ್ಷ ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದು. ಒಂದು ತಿಂಗಳಿಂದ ಕೀ ತಿರುಗಿಸಿದರೆ 'ಟಕ್' ಅನ್ನುತ್ತೆ, ಅಷ್ಟೇ. ಇಂಜಿನ್ ತಿರುಗುವುದಿಲ್ಲ. ಬ್ಯಾಟರಿ ಮೇಲೆ ಅನುಮಾನ ಬಂದು ಮೀಟರ್ ಇಟ್ಟು ನೋಡಿದೆ, 12.6 ವೋಲ್ಟ್ ಇದೆ. ಟರ್ಮಿನಲ್ ಉಜ್ಜಿದೆ, ಬಾಡಿ ಅರ್ಥ್ ವೈರ್ ಬಿಚ್ಚಿ ಕ್ಲೀನ್ ಮಾಡಿ ಹಾಕಿದೆ. ಸುತ್ತಿಗೆಯ ಮರದ ಹಿಡಿಯಿಂದ ಸೆಲ್ಫ್ ಮೋಟರ್ (ಕೀ ತಿರುಗಿಸಿದಾಗ ಇಂಜಿನ್ ತಿರುಗಿಸುವ ಮೋಟರ್) ಮೇಲೆ ಮೆಲ್ಲಗೆ ತಟ್ಟಿದರೆ ಒಮ್ಮೊಮ್ಮೆ ಸೆಲ್ಫ್ ಹೊಡೆಯುತ್ತೆ. ಮಂಡ್ಯದ ಆಟೋ ಎಲೆಕ್ಟ್ರಿಷಿಯನ್ ನೋಡಿ, ಕಾರ್ಬನ್ ಬ್ರಷ್ (ಮೋಟರ್ ಒಳಗೆ ಕರೆಂಟ್ ದಾಟಿಸುವ ತುಂಡು) ಸವೆದು ಮುಗಿದಿರಬೇಕು, ಬೇರೆ ಮೋಟರ್ ಹಾಕಿಬಿಡಿ ಅಂದರು. ರೀಕಂಡೀಷನ್ ಮಾಡಿದ್ದು ಒಂದನ್ನು ಮೈಸೂರಿನಿಂದ ತಂದಿದ್ದೇನೆ. ಇಷ್ಟು ದಿನ ತಳ್ಳಿಕೊಂಡೇ ಸ್ಟಾರ್ಟ್ ಮಾಡುತ್ತಿದ್ದೆವು. ಅಪ್ಪನಿಗೆ ಈಗ ತಳ್ಳುವ ಶಕ್ತಿ ಇಲ್ಲ.

ಬ್ಯಾಟರಿ ನೆಗೆಟಿವ್ ಬಿಚ್ಚಿದ ಮೇಲೇ ಕೈ ಹಾಕಿದ್ದು. ಮೋಟರ್ ಹಿಡಿದಿರುವುದು ಎರಡು ಬೋಲ್ಟ್, ತಲೆ 14 ನಂಬರ್. ಒಂದು ಸಲೀಸಾಗಿ ಬಂತು. ಇನ್ನೊಂದು ಒಂದು ಕೂದಲೆಳೆಯಷ್ಟೂ ಕದಲಿಲ್ಲ. ರಿಂಗ್ ಸ್ಪ್ಯಾನರ್ ಹಾಕಿ ಎಳೆದೆ, ಜಾರಿತು. ಎರಡು ಮೂಲೆ ಸವೆದು ದುಂಡಗಾಗಿವೆ. ಆಗಲೇ ನಿಲ್ಲಿಸಿದೆ. ಬೋಲ್ಟ್ ಸುತ್ತ ಕೆಂಪು ತುಕ್ಕು, ಅದರ ಅಂಚಿನಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ. ಡಬ್ಲ್ಯೂಡಿ 40 ಎರಡು ಸಲ ಹೊಡೆದೆ, ಏನೂ ಆಗಲಿಲ್ಲ.

ನಮ್ಮ ಮನೆ ದಾರಿ ಗದ್ದೆ ಬದುವಿನ ಪಕ್ಕದ್ದು. ನಾಲೆಗೆ ನೀರು ಬಿಟ್ಟಾಗ ದಾರಿ ಮೇಲೂ ಹರಿಯುತ್ತೆ. ವರ್ಷಗಟ್ಟಲೆ ಆ ನೀರಲ್ಲೇ ಗಾಡಿ ಓಡಿಸಿದ್ದೇವೆ. ತುಕ್ಕಿಗೆ ಅದೇ ಕಾರಣ ಇರಬೇಕು.

ನನ್ನ ಭಯ ಒಂದೇ. ಬೋಲ್ಟ್ ಕೂತಿರುವುದು ಗೇರ್‌ಬಾಕ್ಸ್‌ನ ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ, ಅಂದರೆ ಹೊರಕವಚದಲ್ಲಿ. ಅದರ ಕಿವಿ (ಬೋಲ್ಟ್ ಕೂರುವ ಚಾಚು) ಒಡೆದರೆ ಗೇರ್‌ಬಾಕ್ಸೇ ಇಳಿಸಬೇಕಾಗುತ್ತೆ. ಗುರುವಾರ ಅಮ್ಮನ ಕಣ್ಣಿನ ಆಪರೇಷನ್ ಚೆಕಪ್‌ಗೆ ಮೈಸೂರಿಗೆ ಹೋಗಬೇಕು. ಏನು ಮಾಡಲಿ?

ಬುಲೆಟ್‌ಹುಡುಗ (ಮದ್ದೂರು)

ಅಣ್ಣ, ರಾಡಿಗೆ ಮೂರಡಿ ಜಿಐ ಪೈಪ್ ಸಿಕ್ಕಿಸಿ ಒಂದೇ ಸಲ ಎಳೆಯಿರಿ. ನನ್ನ ಗಾಡಿ ವೀಲ್ ನಟ್ ಹಂಗೇ ಬಂತು. ಇಲ್ಲ ಅಂದ್ರೆ ಪಂಚರ್ ಅಂಗಡಿಯ ಏರ್ ಗನ್ ಹಾಕಿಸಿ.

ಡಿಪೋಮೆಕ್ಯಾನಿಕ್ (ಮೈಸೂರು)

ಪೈಪ್ ಬೇಡ ತಮ್ಮಾ. ದಯವಿಟ್ಟು ಬೇಡ. ವೀಲ್ ನಟ್ ಬೇರೆ, ಇದು ಬೇರೆ. ಅಲ್ಲಿ ದಪ್ಪ ಸ್ಟಡ್, ಸುತ್ತ ಉಕ್ಕು. ಇಲ್ಲಿ 10 ಎಂಎಂ ಬೋಲ್ಟ್, ಸುತ್ತ ಅಲ್ಯೂಮಿನಿಯಂ. ಒಂದಡಿ ರಾಡಿಗೆ ಮೂರಡಿ ಪೈಪ್ ಸೇರಿಸಿದರೆ ನಿಮ್ಮ ಕೈಬಲ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತೆ, ಆದರೆ ಕೈಗೆ ಏನೂ ತಿಳಿಯುವುದಿಲ್ಲ. ಈ ಕೆಲಸದಲ್ಲಿ ಕೈಗೆ ತಿಳಿಯುವುದೇ ಮುಖ್ಯ.

ನಾನು ಬಸ್ ಡಿಪೋದಲ್ಲಿ 28 ವರ್ಷ ಕೆಲಸ ಮಾಡಿದವನು. ಮುರಿದ ಬೋಲ್ಟ್‌ಗಳನ್ನು ಲೆಕ್ಕ ಇಟ್ಟಿಲ್ಲ. ಆದರೆ ಮುರಿಯುವ ಮೊದಲು ಬೋಲ್ಟ್ ಹೇಳುತ್ತೆ. ಬಿಡುವ ಬೋಲ್ಟ್ 'ಟಕ್' ಅಂತ ಒಂದು ಸದ್ದು ಮಾಡಿ ಬಿಡುತ್ತೆ. ಒಣ ಕೊಂಬೆ ಮುರಿದ ಹಾಗೆ, ಗಟ್ಟಿ ಸದ್ದು. ಮುರಿಯುವ ಬೋಲ್ಟ್‌ಗೆ ಸದ್ದಿಲ್ಲ. ಸ್ಪ್ಯಾನರ್ ಮೆತ್ತಗೆ ತಿರುಗುತ್ತೆ, ಅಂಟಿನಲ್ಲಿ ತಿರುಗಿದ ಹಾಗೆ. ಬರ್ತಾ ಇದೆ ಅಂತ ಖುಷಿ ಆಗುತ್ತೆ. ಆದರೆ ತಿರುಗುತ್ತಿರುವುದು ತಲೆ ಮಾತ್ರ, ಕಾಲು ಅಲ್ಲೇ ಇರುತ್ತೆ, ನಡುವೆ ಹುರಿ ಬೀಳುತ್ತಿರುತ್ತೆ. ಆ ಮೆತ್ತಗಿನ ತಿರುವು ಕೈಗೆ ಸಿಕ್ಕ ತಕ್ಷಣ ನಿಲ್ಲಿಸಿ, ವಾಪಸ್ ಬಿಗಿ ಕಡೆಗೆ ತನ್ನಿ. ಇದೊಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಈಗ ನಿಮ್ಮ ಬೋಲ್ಟ್. ಎರಡು ಮೂಲೆ ಹೋಗಿವೆ, ನಾಲ್ಕು ಇವೆ. ಅವನ್ನು ಉಳಿಸಿಕೊಳ್ಳಿ. ರಿಂಗ್ ಸ್ಪ್ಯಾನರ್ ಒಳಗೆ ಹನ್ನೆರಡು ಮೂಲೆ ಇರುತ್ತೆ, ಹಿಡಿತ ಬರೀ ತುದಿಯಲ್ಲಿ. ಅದಕ್ಕೇ ಜಾರಿದ್ದು. ಆರು ಮೂಲೆಯ ಸಾಕೆಟ್ ತನ್ನಿ, ಚಪ್ಪಟೆ ಬದಿ ಪೂರ್ತಿ ಹಿಡಿಯುತ್ತೆ. ಮೊದಲು ತಲೆಯ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಸಾಕೆಟ್ ಪೂರ್ತಿ ಕೆಳಗೆ ಕೂರುವುದಿಲ್ಲ. 14 ಸಡಿಲ ಅನ್ನಿಸಿದರೆ 13 ನಂಬರ್ ಸಾಕೆಟ್ ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸಿ. ಆ ತಟ್ಟುವಿಕೆಯೂ ಔಷಧಿನೇ. ಥ್ರೆಡ್ (ಬೋಲ್ಟ್‌ನ ಸುರುಳಿ ಗೆರೆ) ಒಳಗಿನ ತುಕ್ಕಿಗೆ ಬಿರುಕು ಬೀಳುತ್ತೆ. ನೇರವಾಗಿ ತಲೆ ಮೇಲೆ, ಸಣ್ಣ ಸುತ್ತಿಗೆ, ಹತ್ತು ಹನ್ನೆರಡು ಏಟು. ಹೌಸಿಂಗ್‌ಗೆ ಒಂದೂ ತಾಗಬಾರದು.

ಎಣ್ಣೆ ವಿಷಯ. ಡಬ್ಲ್ಯೂಡಿ 40 ಅಂದರೆ ನೀರು ಓಡಿಸಲು ಮಾಡಿದ 40ನೇ ಪ್ರಯತ್ನ ಅಂತ ಅರ್ಥ. ಹೆಸರಲ್ಲೇ ಇದೆ, ಅದರ ಮೊದಲ ಕೆಲಸ ನೀರು ತೆಗೆಯುವುದು. ಕೆಟ್ಟದ್ದಲ್ಲ, ಆದರೆ ಇಂಥ ಹಳೇ ತುಕ್ಕಿಗೆ ಪೆನೆಟ್ರೇಟಿಂಗ್ ಆಯಿಲ್ (ಸಣ್ಣ ಸಂದಿಗೂ ಇಳಿಯುವ ಎಣ್ಣೆ) ಅಂತಲೇ ಸಿಗುವುದನ್ನು ಹಾಕಿ. ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಒಮ್ಮೆ. ಹೊಡೆದು ಐದು ನಿಮಿಷಕ್ಕೆ ಎಳೆದರೆ ಹಾಕಿಯೂ ಹಾಕದಂತೆ.

ಇದಕ್ಕೂ ಬರಲಿಲ್ಲ ಅಂದರೆ ಕಾಯಿಸಬೇಕು. ಅದನ್ನು ಕೇಳಿಯೇ ಮಾಡಿ. ಹತ್ತಿರ ಪೆಟ್ರೋಲ್ ಪೈಪ್ ಇರುತ್ತೆ, ವೈರಿಂಗ್ ಇರುತ್ತೆ. ಗ್ಯಾಸ್ ಬೆಂಕಿ ತೋರಿಸಬೇಡಿ.

ಲ್ಯಾಬ್‌ಮೇಡಂ (ಮೈಸೂರು)

ಡಿಪೋ ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾನು ಮೆಕ್ಯಾನಿಕಲ್ ಲ್ಯಾಬ್‌ನಲ್ಲಿ ಇನ್‌ಸ್ಟ್ರಕ್ಟರ್. ನಮ್ಮ ಮನೆಯಲ್ಲೂ 800 ಇತ್ತು.

ನಿಮಗೆ ಕಂಡ ಬಿಳಿ ಪುಡಿ ಸುಣ್ಣ ಅಲ್ಲ, ಅಲ್ಯೂಮಿನಿಯಂನ ತುಕ್ಕು. ಉಕ್ಕು, ಅಲ್ಯೂಮಿನಿಯಂ ಎರಡೂ ತಾಗಿಕೊಂಡಿದ್ದು ನಡುವೆ ನೀರು ನಿಂತರೆ ಅದು ಸಣ್ಣ ಬ್ಯಾಟರಿ ಇದ್ದ ಹಾಗೆ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಕರಗಿ ಆದ ಪುಡಿ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತೆ. ಥ್ರೆಡ್ ಸಂದಿಯಲ್ಲಿ ಜಾಗ ಎಲ್ಲಿದೆ? ಅದಕ್ಕೇ ಬೆಣೆ ಹೊಡೆದ ಹಾಗೆ ಬಿಗಿಯುತ್ತೆ. ಗದ್ದೆ ನೀರಲ್ಲಿ ಗೊಬ್ಬರದ ಉಪ್ಪು ಇದ್ದರೆ ಇನ್ನೂ ಬೇಗ.

ಕಾಯಿಸುವುದು ಯಾಕೆ ಕೆಲಸ ಮಾಡುತ್ತೆ ಅಂದರೆ, ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತೆ. 10 ಎಂಎಂ ತೂತು 100 ಡಿಗ್ರಿ ಬಿಸಿ ಏರಿದರೆ ಸುಮಾರು 0.023 ಎಂಎಂ ದೊಡ್ಡದಾಗುತ್ತೆ. ಅದೇ ಬಿಸಿಗೆ ಬೋಲ್ಟ್ ದಪ್ಪ ಆಗುವುದು 0.012. ಉಳಿದದ್ದು ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಎಣ್ಣೆ ಇಳಿಯಲು ಅಷ್ಟು ಸಾಕು. ಆದ್ದರಿಂದ ಬೋಲ್ಟ್ ತಲೆಗೆ ಅಲ್ಲ, ಸುತ್ತಲಿನ ಹೌಸಿಂಗ್‌ಗೆ ಬಿಸಿ ಕೊಡಿ. ಹೀಟ್ ಗನ್ ಸಾಕು. ಗಾಡಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಯಲ್ಲಿ ಇರುತ್ತೆ, ಕೇಳಿದರೆ ಕೊಡುತ್ತಾರೆ.

ಕಾಯಿಸುವ ಮುಂಚೆ ಹಿಂದೆ ಹೊಡೆದ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ. ಆ ಸ್ಪ್ರೇ ಹೊತ್ತಿಕೊಳ್ಳುತ್ತೆ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಕಾಯಿಸಿ, ಸ್ವಲ್ಪ ಆರಲು ಬಿಟ್ಟು, ಬೆಚ್ಚಗಿರುವಾಗ ಎಣ್ಣೆ ಬಿಡಿ. ಆರುತ್ತಾ ಆರುತ್ತಾ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತೆ.

ಕಬ್ಬಿನಗದ್ದೆ800

ಅಣ್ಣಾ, ಮೇಡಂ, ತುಂಬಾ ಥ್ಯಾಂಕ್ಸ್. ಆ ಮೆತ್ತಗಿನ ತಿರುವಿನ ವಿಷಯ ಓದಿ ಎದೆ ಝಲ್ ಅಂತು. ನಿನ್ನೆ ಸಂಜೆ ಒಮ್ಮೆ ಹಾಗೇ ಅನ್ನಿಸಿತ್ತು. ಪುಣ್ಯಕ್ಕೆ ಆಗ ಸ್ಪ್ಯಾನರ್ ಜಾರಿತು.

ಒಂದು ಅನುಮಾನ. ಅಕಸ್ಮಾತ್ ತಲೆ ಮುರಿದೇ ಹೋದರೆ? ಆಮೇಲೆ ಡ್ರಿಲ್ ಮಾಡುವುದೊಂದೇ ದಾರಿನಾ?

ಡಿಪೋಮೆಕ್ಯಾನಿಕ್

ಅಲ್ಲ. ಗಾಬರಿ ಬೇಡ. ತಲೆ ಹೋದರೆ ಮೋಟರನ್ನು ಹಿಡಿದಿಡಲು ಏನೂ ಉಳಿಯುವುದಿಲ್ಲ, ಅಲ್ವಾ? ಅಲ್ಲಾಡಿಸಿ ಹೊರಗೆ ಎಳೆಯಿರಿ. ಆಗ ಮೋಟರಿನ ಕಿವಿ ಎಷ್ಟು ದಪ್ಪ ಇತ್ತೋ ಸುಮಾರು ಅಷ್ಟು ಉದ್ದದ ಬೋಲ್ಟ್ ತುಂಡು ಹೌಸಿಂಗ್‌ನಿಂದ ಹೊರಗೆ ನಿಂತಿರುತ್ತೆ. ತಲೆಯ ಎಳೆತವೂ ಹೋಗಿರುತ್ತೆ. ಕಾಯಿಸಿ, ಎಣ್ಣೆ ಬಿಟ್ಟು, ವೈಸ್ ಗ್ರಿಪ್‌ನಲ್ಲಿ (ಲಾಕ್ ಆಗುವ ಇಕ್ಕಳ) ಕಚ್ಚಿ ಹಿಡಿದು ಹಿಂದೆ ಮುಂದೆ ಆಡಿಸಿ. ಅದಕ್ಕೂ ಬರದಿದ್ದರೆ ವೆಲ್ಡಿಂಗ್‌ನವರನ್ನು ಕರೆಸಿ, ತುಂಡಿನ ಮೇಲೆ ಒಂದು ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗ್ ಬಿಸಿಗೇ ಎಷ್ಟೋ ಸಲ ಬೋಲ್ಟ್ ಬಿಟ್ಟುಬಿಡುತ್ತೆ. ಬ್ಯಾಟರಿಯ ಎರಡೂ ವೈರ್ ಬಿಚ್ಚಿರಬೇಕು. ಡ್ರಿಲ್ ಕಟ್ಟಕಡೆಗೆ. ಈಸಿ ಔಟ್ ಅಂತ ಸಿಗುತ್ತೆ, ಮುರಿದ ಬೋಲ್ಟ್‌ಗೆ ತೂತು ಕೊರೆದು ಒಳಗೆ ಕಚ್ಚಿಸಿ ತೆಗೆಯುವ ಸಾಧನ, ಅದನ್ನು ನೀವು ಮುಟ್ಟಬೇಡಿ. ಅದು ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಆಮೇಲೆ ನನ್ನಂಥವನ ಕೈಯಲ್ಲೂ ಆಗುವುದಿಲ್ಲ.

ಇನ್ನೊಂದು ಮಾತು. ಗಾಡಿ ಕೆಳಗೆ ಹೋಗುತ್ತಿದ್ದರೆ ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಇಡಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ.

ಕಬ್ಬಿನಗದ್ದೆ800

ಬಂತು!!! ಬೋಲ್ಟ್ ಪೂರ್ತಿ ಬಂತು. ತಲೆ ಸಮೇತ.

ಹೇಗೆ ಅಂತ ಹೇಳುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು. ಶನಿವಾರ ಮಂಡ್ಯಕ್ಕೆ ಹೋಗಿ ಆರು ಮೂಲೆ ಸಾಕೆಟ್ 13, 14 ಎರಡೂ ತಂದೆ. ಹೀಟ್ ಗನ್ ಸ್ಟಿಕ್ಕರ್ ಅಂಗಡಿ ಹುಡುಗ ಭಾನುವಾರದ ಮಟ್ಟಿಗೆ ಕೊಟ್ಟ, ದುಡ್ಡು ಬೇಡ ಅಂದ. ರಾತ್ರಿ ಎರಡು ಸಲ ಎಣ್ಣೆ, ಬೆಳಿಗ್ಗೆ ಒಂದು ಸಲ. ಆಮೇಲೆ ಒರೆಸಿ, ಪೆಟ್ರೋಲ್ ಪೈಪ್‌ಗೆ ಒದ್ದೆ ಗೋಣಿ ಸುತ್ತಿ, ಹೌಸಿಂಗ್‌ಗೆ ಬಿಸಿ ಕೊಟ್ಟೆ. ಮೊದಲನೇ ಸಲ ಏನೂ ಇಲ್ಲ. ಎರಡನೇ ಸಲವೂ ಇಲ್ಲ. ಆರಿಸಿ, ಎಣ್ಣೆ ಬಿಟ್ಟು, ತಿಂಡಿ ತಿಂದು ಬಂದೆ. ಮತ್ತೆ ಒರೆಸಿ ಮೂರನೇ ಸಲ ಕಾಯಿಸಿದೆ. 14 ಸ್ವಲ್ಪ ಸಡಿಲ ಇತ್ತು, 13 ಇಟ್ಟು ತಟ್ಟಿ ಕೂರಿಸಿದೆ. ಬಿಚ್ಚುವ ಕಡೆ ಎಳೆಯಲಿಲ್ಲ. ಮೊದಲು ಬಿಗಿ ಕಡೆಗೆ ಒಂದು ಚೂರು ಒತ್ತಿದೆ. 'ಟಕ್'. ಅಣ್ಣ ಹೇಳಿದ ಒಣ ಕೊಂಬೆ ಸದ್ದೇ. ಸ್ಪ್ಯಾನರ್ ಬಿಟ್ಟು ಹಾಗೇ ಕೂತೆ, ಕೈ ನಡುಗುತ್ತಿತ್ತು.

ಬಿಟ್ಟ ಮೇಲೂ ಸುಲಭ ಇರಲಿಲ್ಲ. ಕಾಲು ಸುತ್ತು ಹಿಂದೆ, ಅರ್ಧದಷ್ಟು ಮುಂದೆ, ಒಂದು ಹನಿ ಎಣ್ಣೆ, ಮತ್ತೆ ಹಿಂದೆ. ಪ್ರತಿ ಸಲ 'ಕಿರ್ರ್' ಅನ್ನುತ್ತಿತ್ತು. ಥ್ರೆಡ್ ಜೊತೆ ಕಾಫಿ ಗಸಿ ಥರದ ಕೆಂಪು ಎಣ್ಣೆ ಹೊರಗೆ ಬಂತು. ಪೂರ್ತಿ ಬಿಚ್ಚಲು 40 ನಿಮಿಷ. ಬೋಲ್ಟ್‌ನ ತುದಿಯಲ್ಲಿ ನಾಲ್ಕು ಥ್ರೆಡ್ ಬಿಳಿ ಪುಡಿಯಿಂದ ಮುಚ್ಚಿಹೋಗಿವೆ, ಮೇಡಂ ಹೇಳಿದಂತೆಯೇ.

ಹಳೇ ಮೋಟರ್ ಬಿಚ್ಚಿ ನೋಡಿದೆ. ಒಂದು ಬ್ರಷ್ ಉಗುರಿನಷ್ಟು ಉಳಿದಿತ್ತು, ಇನ್ನೊಂದರ ಸ್ಪ್ರಿಂಗ್ ತಾಮ್ರದ ಮೇಲೆ ಕೆರೆದಿತ್ತು.

ಹೊಸ ಬೋಲ್ಟ್ ಹಾಕುವ ಮುಂಚೆ ಕೇಳುತ್ತೇನೆ. ತೂತಿನ ಥ್ರೆಡ್ ಹೇಗೆ ಕ್ಲೀನ್ ಮಾಡಲಿ? ಟ್ಯಾಪ್ (ತೂತಿನ ಥ್ರೆಡ್ ಕೊರೆಯುವ ಸಾಧನ) ಇಲ್ಲ. ಗ್ರೀಸ್ ಹಾಕಬಹುದಾ?

ಡಿಪೋಮೆಕ್ಯಾನಿಕ್

ಭಲೇ ತಮ್ಮಾ. ಓದಿ ಮನಸ್ಸು ತುಂಬಿತು.

ಟ್ಯಾಪ್ ಇಲ್ಲದಿದ್ದರೆ ಪರವಾಗಿಲ್ಲ. ಮೊದಲು ಸಲೀಸಾಗಿ ಬಂದ ಆ ಇನ್ನೊಂದು ಬೋಲ್ಟ್ ಇದೆಯಲ್ಲ, ಥ್ರೆಡ್ ಚೆನ್ನಾಗಿದ್ದು ಅಳತೆ ಒಂದೇ ಆಗಿದ್ದರೆ, ಅದಕ್ಕೆ ಉದ್ದಕ್ಕೆ ಮೂರು ಕಡೆ ಹ್ಯಾಕ್ಸಾ ಬ್ಲೇಡಿನಿಂದ ಗೀರು ಹಾಕಿ. ಅಂಚನ್ನು ಅರದಿಂದ ನಯ ಮಾಡಿ. ಅದನ್ನು ಬರೀ ಕೈಯಲ್ಲಿ ತೂತಿಗೆ ತಿರುಗಿಸಿ ತೆಗೆಯಿರಿ. ಕಸ ಆ ಗೀರಿನಲ್ಲಿ ಕೂತು ಹೊರಗೆ ಬರುತ್ತೆ. ಮೂರು ನಾಲ್ಕು ಸಲ ಮಾಡಿ, ಪ್ರತಿ ಸಲ ಒರೆಸಿ.

ಎರಡೂ ಬೋಲ್ಟ್ ಹೊಸದು ಹಾಕಿ. ಅಂಗಡಿಗೆ ಹಳೆಯದನ್ನೇ ಹಿಡಿದುಕೊಂಡು ಹೋಗಿ. ಉದ್ದ, ದಪ್ಪ, ಥ್ರೆಡ್ ಮೂರೂ ಹೋಲಬೇಕು. 10 ಎಂಎಂ ಬೋಲ್ಟ್‌ನಲ್ಲಿ 1.25 ಥ್ರೆಡ್, 1.5 ಥ್ರೆಡ್ (ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಇರುವ ಅಂತರ, ಎಂಎಂನಲ್ಲಿ) ಎರಡೂ ಸಿಗುತ್ತೆ, ನೋಡಲು ಒಂದೇ ಥರ. ತಪ್ಪಿದ್ದು ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ಹೋಗುತ್ತೆ. ತಲೆ ಮೇಲೆ 8.8 ಅಂತ ಇರುವುದನ್ನು ಕೇಳಿ, ಅದು ಬೋಲ್ಟ್‌ನ ಗಟ್ಟಿತನದ ಗುರುತು.

ಮಾಮೂಲಿ ಗ್ರೀಸ್ ಬೇಡ. ಆಂಟಿ ಸೀಜ್ ಅಂತ ಸಿಗುತ್ತೆ, ಬೋಲ್ಟ್ ಹಿಡಿದುಕೊಳ್ಳದಂತೆ ಹಚ್ಚುವ ಪೇಸ್ಟ್, ಥ್ರೆಡ್‌ಗೆ ತೆಳ್ಳಗೆ ಸವರಿ. ಜಾರುವುದರಿಂದ ಕೈಗೆ ತಿಳಿಯದೆ ಜಾಸ್ತಿ ಬಿಗಿದುಬಿಡುತ್ತೇವೆ, ಎಚ್ಚರ. ಮೋಟರ್ ಕೂರುವ ಜಾಗವನ್ನು ಮಾತ್ರ ಒಣಗಿಸಿ, ಉಜ್ಜಿ ಹೊಳಪು ಬರಿಸಿ. ಮೋಟರಿಗೆ ಅರ್ಥ್ ಸಿಗುವುದು ಅಲ್ಲಿಂದಲೇ. ಎರಡೂ ಬೋಲ್ಟ್ ಕೈಯಲ್ಲೇ ನಾಲ್ಕು ಸುತ್ತು ಹೋದ ಮೇಲೆ ಸ್ಪ್ಯಾನರ್ ಹಿಡಿಯಿರಿ.

ಕಬ್ಬಿನಗದ್ದೆ800

ಬುಧವಾರ ಸಂಜೆ 6 ಗಂಟೆಗೆ ಮುಗಿಯಿತು. ಹೇಳಿದ ಹಾಗೇ ಗೀರು ಹಾಕಿದ ಬೋಲ್ಟ್ ಐದು ಸಲ ಹಾಕಿ ತೆಗೆದೆ. ಐದನೇ ಸಲ ಬಟ್ಟೆಗೆ ಏನೂ ಅಂಟಲಿಲ್ಲ. ಹೊಸ ಬೋಲ್ಟ್ ಎರಡೂ ಬೆರಳಲ್ಲೇ ಒಳಗೆ ಹೋದವು. ಕೊನೆಗೆ ಬ್ಯಾಟರಿ ವೈರ್ ಹಾಕಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹೊಡೆಯಿತು. ಅಪ್ಪ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಸದ್ದು ಕೇಳಿ ಚೊಂಬು ಹಿಡಿದುಕೊಂಡೇ ಹೊರಗೆ ಬಂದು, ಆಫ್ ಮಾಡಿ ಇನ್ನೊಂದು ಸಲ ಹೊಡಿ ನೋಡೋಣ ಅಂದರು. ಹೊಡೆದೆ.

ನಾಳೆ ಬೆಳಿಗ್ಗೆ 7ಕ್ಕೆ ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೊರಡುತ್ತೇವೆ. ಅಣ್ಣಾ, ನೀವು ಊರಲ್ಲಿದ್ದರೆ ಹೇಳಿ. ಅಮ್ಮ ಒಂದು ಅಚ್ಚು ಬೆಲ್ಲ ತೆಗೆದಿಟ್ಟಿದ್ದಾರೆ, ಕೊಟ್ಟು ಹೋಗುತ್ತೇನೆ.

ಡಿಪೋಮೆಕ್ಯಾನಿಕ್

ಊರಲ್ಲೇ ಇದ್ದೇನೆ, ಬನ್ನಿ. ಮೆಸೇಜ್‌ನಲ್ಲಿ ವಿಳಾಸ ಕಳಿಸಿದ್ದೇನೆ. ಹಳೇ ಬೋಲ್ಟ್ ಬಿಸಾಡಬೇಡಿ, ಜೊತೆಗೆ ತನ್ನಿ. ನನ್ನ ಮೊಮ್ಮಗ ಐಟಿಐ ಸೇರಿದ್ದಾನೆ, ಆ ಬಿಳಿ ಪುಡಿ ಅವನಿಗೆ ತೋರಿಸಬೇಕು.