ತೋಡಿನ ಬದಿಯ ಜರಿಗಿಡಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ:
ಯುಗಾದಿ ಕಳೆದು ಎರಡು ಮಳೆ ಬಿದ್ದ ಮೇಲೆ, ಕೊಡಗಿನ ನಮ್ಮ ತೋಟದ ತೋಡಿನ ಅಂಚಿನಲ್ಲಿ ಚಕ್ಕುಲಿಯಂತೆ ಸುರುಳಿ ಸುತ್ತಿದ ಚಿಗುರುಗಳು ಎದ್ದಿವೆ. ಇವುಗಳಲ್ಲಿ ಪಲ್ಯಕ್ಕಾಗುವ ತೆರ್ಮೆ ಸೊಪ್ಪು ಯಾವುದೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಸುರುಳಿಯೊಂದನ್ನೇ ನಂಬಬೇಡಿ, ಹೆಚ್ಚುಕಡಿಮೆ ಎಲ್ಲ ಜರಿಗಿಡಗಳ ಚಿಗುರೂ ಹಾಗೆಯೇ ಇರುತ್ತದೆ. ತೆರ್ಮೆ, ಅಂದರೆ ಡಿಪ್ಲಾಜಿಯಂ ಎಸ್ಕುಲೆಂಟಂ, ತೇವದ ನೆಲದಲ್ಲಿ ಒಂದೇ ಬುಡದಿಂದ ಗೊಂಚಲಾಗಿ ಏಳುತ್ತದೆ. ಬಲಿತ ಎಲೆಯ ಹಿಂಬದಿಯಲ್ಲಿ ಬೀಜಕಗಳು ನರಗಳ ಉದ್ದಕ್ಕೂ ಗೆರೆಗೆರೆಯಾಗಿರುತ್ತವೆ. ಬಿಸಿಲುಗುಡ್ಡದ ಬ್ರಾಕನ್ ಜರಿಗಿಡವಾದರೋ ನೆಲದಡಿ ಹರಿಯುವ ಕಾಂಡದಿಂದ ಒಂಟಿಯಾಗಿ ಮೇಲೇಳುತ್ತದೆ, ಅದರ ಬೀಜಕಗಳು ಎಲೆಯ ಮಡಿಸಿದ ಅಂಚಿನಲ್ಲಿ ಅಡಗಿರುತ್ತವೆ. ಅದರಲ್ಲಿ ಕ್ಯಾನ್ಸರ್‌ಕಾರಕವಾದ ಟಾಕ್ವಿಲೋಸೈಡ್ ಇರುವುದರಿಂದ ಅನುಮಾನವಿದ್ದರೆ ಕೀಳಲೇಬೇಡಿ.

ಉತ್ತರ 2:
ಬಾಲ್ಯದಲ್ಲಿ ನಾವು ಕೈಮೇಲೆ ಒತ್ತಿ ಬಿಳಿಯ ಅಚ್ಚು ಮೂಡಿಸಿಕೊಳ್ಳುತ್ತಿದ್ದ ಬೆಳ್ಳಿ ಜರಿಗಿಡವು ನಮ್ಮದಲ್ಲ, ಉಷ್ಣವಲಯದ ಅಮೆರಿಕದಿಂದ ಬಂದದ್ದು ಎಂದು ತಿಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ಈ ನೆಲದ್ದೇ ಆದ ಸೊಗಸನ್ನು ಕಾಣಬೇಕಾದರೆ ಮರದ ಕೊಂಬೆಯ ಮೇಲಿನ ಡ್ರೈನೇರಿಯಾವನ್ನು ನೋಡಿ. ಅದಕ್ಕೆ ಎರಡು ಬಗೆಯ ಎಲೆಗಳು: ಹಸಿರಾದ ಉದ್ದ ಎಲೆಗಳು ಬೀಜಕಗಳನ್ನು ಹೊರುತ್ತವೆ, ಬುಡದ ಕಂದು ಎಲೆಗಳು ಒಣಗಿದರೂ ಉದುರದೆ, ತರಗೆಲೆಯನ್ನು ಹಿಡಿದಿಟ್ಟು ಗಿಡಕ್ಕೆ ಗೊಬ್ಬರ ಒದಗಿಸುತ್ತವೆ.

ಪ್ರಶ್ನೆ ಕೇಳಿದವರು:
ಕಳೆದ ವರ್ಷದ ಬಲಿತ ಎಲೆಯೊಂದನ್ನು ಮಗುಚಿ ನೋಡಿದೆ, ಗೆರೆಗಳು ಸ್ಪಷ್ಟವಾಗಿವೆ. ಆದರೂ ಕೊಯ್ಯುವ ಮೊದಲು ಅತ್ತೆಯವರಿಗೆ ತೋರಿಸುತ್ತೇನೆ.