ಖುಲಾಸೆ ಆದವರ ಮ್ಯಾಲ ಮತ್ತ ಕೋರ್ಟಿಗೆ ಹೋಗಾಕ ಬರತೈತೇನ್ರಿ?

ಅಥಣಿ ಕಡಿಯಂವ:
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಓಣ್ಯಾಗಿನ ಒಂದ ಹುಡುಗಿ ವಿಷಯ, ಹೆಸರು ಊರು ಬರಿಯಂಗಿಲ್ಲ ತಪ್ಪ ತಿಳ್ಕೋಬ್ಯಾಡ್ರಿ. 2021ರಾಗ ಪುಣೇದಾಗ ಮನಿಗೆಲಸ ಕೊಡಸ್ತೀನಂತ ಪರಿಚಯದಾಕಿನ ಕರ್ಕೊಂಡ ಹೋಗಿ ಮಾರಿ ಬಂದಿದ್ಲು. ಪೊಲೀಸ್ರು ಬಿಡಿಸ್ಕೊಂಡ ಬಂದ್ರು, ಮನುಷ್ಯಾರ ಸಾಗಾಟದ್ದ ಐಪಿಸಿ 370 ಹಾಕಿದ್ರು, ಸೆಷನ್ಸ್ ಕೋರ್ಟಿನ್ಯಾಗ ವರ್ಷಗಟ್ಟಲೆ ನಡೀತು, ಹೋದ ತಿಂಗಳ ಮೂರೂ ಮಂದಿ ಖುಲಾಸೆ. ಅವತ್ತ ಸಂಜೀಕ ಗುಲಾಲ ಹಾರಿಸಿ ಹುಡುಗಿ ಮನಿ ಮುಂದನ ಪಟಾಕಿ ಹಚ್ಚ್ಯಾರ. ಅವರವ್ವ ಆಗ ಕಬ್ಬ ಕಡದ ಬಂದಾಕಿ, ಕೈಯಾಗಿನ ಕುಡಗೋಲನೂ ಕೆಳಗ ಇಡದ ಹಂಗ ಕಟ್ಟಿ ಮ್ಯಾಲ ಕುಂತಬಿಟ್ಲು. ಈಗ ಊರ ಹಿರ್ಯಾರು, ಒಮ್ಮೆ ಕೋರ್ಟ್ ಬಿಟ್ಟ ಮ್ಯಾಲ ಮುಗೀತು, ಅದಕ್ಕ ಡಬಲ್ ಜೆಪರ್ಡಿ ಅಂತಾರ, ಸುಮ್ನ ಇರ್ರಿ ಅನ್ನಾಕತ್ತಾರ. ಖರೇನ?

ಘಟಪ್ರಭಾ ನೀರು:
ಹೌದ್ ಅಣ್ಣಾ, ಸಂವಿಧಾನದಾಗ 20(2) ಐತಿ ನೋಡ್ರಿ. ಒಂದ ತಪ್ಪಿಗೆ ಎರಡ ಸಲ ಇಲ್ಲ.

ಕರಿಕೋಟು, ಬೆಳಗಾವಿ:
ಅರ್ಧಾ ಓದಿ ಹೇಳಬ್ಯಾಡ್ರಿ. 20(2)ರಾಗ "ವಿಚಾರಣೆ ಆಗಿ ಶಿಕ್ಷೆ" ಆದವ್ರ ಮಾತೈತಿ, ಬಿಟ್ಟವ್ರದಲ್ಲ. ಬಿಟ್ಟವ್ರಿಗೂ ರಕ್ಷಣಾ ಕೊಡೋದು ಸಿಆರ್‌ಪಿಸಿ (ಕ್ರಿಮಿನಲ್ ಕೇಸ ನಡಸೋ ಹಳೇ ಕಾಯ್ದೆ) 300, ಅದರ ಜಾಗಾಕ್ಕ ಬಂದ ಹೊಸಾ ಬಿಎನ್‌ಎಸ್‌ಎಸ್‌ನ್ಯಾಗ 337. ಅಲ್ಲೂ ಏನಂತಾರ? ಆ ತೀರ್ಪು ಜಾರಿಯೊಳಗ ಇರೋ ತನಕ ಅದ ಅಪರಾಧಕ್ಕ ಹೊಸಾ ವಿಚಾರಣಿ ಇಲ್ಲ ಅಂತ. ಅಪೀಲಂದ್ರ ಹೊಸಾ ಕೇಸಲ್ಲ, ಅದ ಕೇಸ ಒಂದ ಮೆಟ್ಟಲ ಮ್ಯಾಲ ಹತ್ತೋದು. ಅಮೆರಿಕಾದಾಗ ಒಮ್ಮೆ ಬಿಟ್ರ ಸರ್ಕಾರಕ್ಕ ಅಪೀಲ ಇಲ್ಲ, ಸಿನಿಮಾ ನೋಡಿ ನಮ್ಮಂದೀನೂ ಅದನ್ನ ಇಲ್ಲೀದಂತ ತಿಳ್ಕೋತಾರ. ಇಲ್ಲಿ ಖುಲಾಸೆ ಆಗೋರ ಕಡಿಂದನ ಆರ ತಿಂಗಳ ಬಾಂಡ್ ಬರಸ್ಕೋತಾರಲ್ರಿ, ಮ್ಯಾಲಿನ ಕೋರ್ಟ್ ಕರದ್ರ ಬರ್ತೀವಂತ. ಅಪೀಲನ ಇಲ್ಲಂದ್ರ ಆ ಬಾಂಡ್ ಯಾಕ?

ದಾರಿ ಎರಡದಾವು. ಸರ್ಕಾರ ಹೋಗೋದಾದ್ರ ಸಿಆರ್‌ಪಿಸಿ 378 (ಈಗ ಬಿಎನ್‌ಎಸ್‌ಎಸ್ 419), 90 ದಿನ, ಮೊದ್ಲ ಹೈಕೋರ್ಟಿನ ಅನುಮತಿ ಬೇಕು. ಸರ್ಕಾರ ಹೋಗದಿದ್ರೂ ಹುಡುಗಿ ತಾನ ಹೋಗಬಹುದು, 372ರ ಪ್ರಾವಿಸೊ (ಕಲಮಿಗೆ ಹಚ್ಚಿದ ಷರತ್ತು), ಈಗ 413. 2009ರ ಡಿಸೆಂಬರ್ 31ರಿಂದ ಈ ಹಕ್ಕೈತಿ, ಮತ್ತ 2018ರಾಗ ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕದ್ದ ಮಲ್ಲಿಕಾರ್ಜುನ ಕೊಡಗಲಿ ಕೇಸಿನ್ಯಾಗ ನೊಂದವ್ರಿಗೆ ಆ ಅನುಮತಿ ಸೈತ ಬೇಕಿಲ್ಲಂತ ಹೇಳೈತಿ. ದಿನಾ ಮಾತ್ರ ಕಳೀಬ್ಯಾಡ್ರಿ, 90ರ ಒಳಗ ಹಾಕಿಬಿಡ್ರಿ, ಆಮ್ಯಾಲ ತಡಾ ಯಾಕಾತಂತ ಅಫಿಡವಿಟ್ ಬರಿಯೋ ಗೋಳ ಬ್ಯಾಡ.

ಶಿರಸ್ತೇದಾರ ಕಾಕಾ, ವಿಜಯಪುರ:
ವಕೀಲ್ರು ಹೇಳಿದ್ದು ಬರೋಬರಿ. ಆದ್ರ ಆಸೆ ಭಾಳ ಹಚ್ಚಬ್ಯಾಡ್ರಿ. ನಾ ಫೈಲ ಹೊತ್ತ ಜೀವ, ಹೇಳ್ತೀನಿ ಕೇಳ್ರಿ. ಹೈಕೋರ್ಟಿನ್ಯಾಗ ಹುಡುಗಿನ ಮತ್ತ ಕಟಕಟಿಗೆ ಹತ್ತಸಂಗಿಲ್ಲ, ಕೆಳಗ ಟೈಪ್ ಆದ ಸಾಕ್ಷಿ ಹಾಳೀನ ಓದ್ತಾರ. ಎರಡೂ ಥರಾ ಅರ್ಥ ಆಗೋ ಹಂಗಿದ್ರ ಬಿಟ್ಟಿದ್ದ ತೀರ್ಪ ಮುಟ್ಟಂಗಿಲ್ಲ, 2007ರ ಚಂದ್ರಪ್ಪ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಸಾಫ್ ಹೇಳೈತಿ, ಖುಲಾಸೆ ಆದವ್ಗ ನಿರಪರಾಧಿ ಅನ್ನೋ ಬಲ ಡಬಲ್ ಆಗ್ತದಂತ. ಅದು ತಪ್ಪಂತ ನಾ ಅನ್ನಂಗಿಲ್ಲ, ನಾಳೆ ನಮ್ಮ ಹುಡುಗನ್ನ ಸುಳ್ಳ ಕೇಸಿನ್ಯಾಗ ಹಾಕಿದ್ರ ನಮಗೂ ಅದ ಬೇಕಲ್ಲ. ಅದಕ್ಕ ಮೊದ್ಲ ಹೇಳ್ರಿ, ಯಾಕ ಬಿಟ್ರು? ಸಾಕ್ಷಿ ತಿರುಗಿ ಬಿದ್ದ್ರೇನು?

ಅಥಣಿ ಕಡಿಯಂವ:
ಹೌದ್ರಿ ಕಾಕಾ, ಪೊಲೀಸ್ರ ಪಂಚನಾಮೆಗೆ ಸಾಕ್ಷಿ ಇದ್ದ ಪಂಚರು ಇಬ್ಬರೂ ತಿರುಗಿದ್ರು. ಹುಡುಗಿ ಮಾತ್ರ ತಿರುಗಿಲ್ಲ, ಕೋರ್ಟಿನ್ಯಾಗ ಆ ಹೆಣ್ಮಗಳ್ನ ತೋರಿಸಿ ಹೇಳ್ಯಾಳ. ಫೋನ್ ಕಾಲ್ ಲಿಸ್ಟ್ ಕೊಟ್ಟಿದ್ರು, ಅದಕ್ಕೇನೋ ಸರ್ಟಿಫಿಕೇಟ್ ಹಚ್ಚಿಲ್ಲಂತ ತಗದ ಹಾಕ್ಯಾರಂತ.

ಶಿರಸ್ತೇದಾರ ಕಾಕಾ, ವಿಜಯಪುರ:
65ಬಿ ಸರ್ಟಿಫಿಕೇಟ್ ಅದು, ಫೋನ್ ಕಂಪ್ಯೂಟರ್ ದಾಖಲಿ ಸಾಕ್ಷಿಯಾಗಿ ಕೊಡಬೇಕಂದ್ರ ಹಚ್ಚೋದು. ಒಂದ ಹಾಳಿ ಹಚ್ಚಾಕ ಮರ್ತದ್ದಕ್ಕ ಏನೇನ ಆಗ್ತದ ನೋಡ್ರಿ. ಹುಡುಗಿ ಗಟ್ಟಿ ನಿಂತಾಳಂದ್ರ ಕೇಸಿನ್ಯಾಗ ಜೀವ ಐತಿ, ಪಂಚರು ಹೋದ್ರ ಹೋಗ್ಲಿ.

ಕರಿಕೋಟು, ಬೆಳಗಾವಿ:
ಅಪೀಲಿನ್ಯಾಗ ಹೆಚ್ಚಿನ ಸಾಕ್ಷಿ ತಗೋರಿ ಅಂತ 391ರ ಅರ್ಜಿ (ಈಗ 432) ಹಾಕಿ ಕೇಳಬಹುದು, ಕೊಡೋದು ಬಿಡೋದು ಕೋರ್ಟಿಗೆ ಬಿಟ್ಟದ್ದು. ಒಪ್ಪಿದ್ರ ಹೈಕೋರ್ಟ್ ತಾನ ಶಿಕ್ಷಾ ಕೊಡಬಹುದು, ಇಲ್ಲಾ ಮರುವಿಚಾರಣಿಗೆ ಕೆಳಗ ಕಳಸಬಹುದು.

ಜ್ವಾಳದ ತೆನಿ:
ರೊಕ್ಕದ ಚಿಂತಿ ಬ್ಯಾಡ್ರಿ ಅಣ್ಣಾರ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಸಾಗಾಟಕ್ಕ ಸಿಕ್ಕ ನೊಂದವ್ರಿಗೆ ಆದಾಯ ಕೇಳದನ ಪುಕ್ಕಟ ವಕೀಲ್ರನ್ನ ಕೊಡಬೇಕಂತ ಕಾಯ್ದೆನ ಐತಿ. ಅವ್ವನ ಸಂಗ್ತಿ ಒಬ್ಬ ಹೆಣ್ಮಗಳ್ನ ಕರ್ಕೊಂಡ ಹೋಗ್ರಿ, ಗಂಡಸರ ಮುಂದ ಆ ತಾಯಿ ಬಾಯಿ ಬಿಡಂಗಿಲ್ಲ.

ಅಥಣಿ ಕಡಿಯಂವ:
ಹುಡುಗಿಗೀಗ 20 ತುಂಬ್ಯಾವು, ಸಹಿ ತಾನ ಮಾಡ್ತೀನಿ ಅಂದ್ಲು. ಸೋಮವಾರ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಡ್ತೀವಿ. ಹೈಕೋರ್ಟ್ ಪೀಠಕ್ಕ ಕಲಬುರಗಿಗೆ ಹೋಗಬೇಕೋ ಧಾರವಾಡಕ್ಕೋ?

ಶಿರಸ್ತೇದಾರ ಕಾಕಾ, ವಿಜಯಪುರ:
ನಮಗ ಕಲಬುರಗಿ, ಬೆಳಗಾವಿ ಜಿಲ್ಲಾದವ್ರಿಗೆ ಧಾರವಾಡ. ಕಾಪಿ ಕೈಗೆ ಬಂದ ಕೂಡ್ಲೆ ಪುಟ ಎಣಸ್ಕೋರಿ, ಒಂದೊಂದ ಸಲ ನಡುವಿಂದ ಬಿಟ್ಟಿರ್ತಾರ.